ಹಸಿವಿನ ಕೊಕ್ಕೆ, ಹಬ್ಬದ ಮೆಟ್ಟು

ಅಕ್ಟೋಬರ್ ತಿಂಗಳ ಕೊನೆಯ ದಿನ ಸಮೀಪಿಸಿತೆಂದರೆ ಅಮೆರಿಕದಲ್ಲಿ ಮನೆಗಳ ಮುಂದೆ ಕಣ್ಣು ಮೂಗು ಬಾಯಿ ಕೊರೆದ ಸಿಹಿಗುಂಬಳಗಳು ಬಂದು ಕೂಡುತ್ತವೆ. ಅದೇ ದಿನಗಳಲ್ಲಿ ಮನೆಯೊಳಗೆ, ದೀಪದ ಮಗ್ಗುಲಲ್ಲಿ, ಉಣ್ಣೆಯ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಕೊಕ್ಕೆಕಡ್ಡಿಯಿಂದ ಮಕ್ಕಳ ಕಾಲಿಗೆ ಮೆಟ್ಟು ಹೆಣೆಯುವ ಹೆಂಗಸರೂ ಇದ್ದಾರೆ. ಕಿತ್ತಳೆ ಬಣ್ಣದ ಮೈ, ಕಪ್ಪು ಅಂಚು, ಬೆರಳುಗಳ ಮೇಲ್ಗಡೆ ಹಲ್ಲು ಕಿರಿಯುವ ಕುಂಬಳದ ಮುಖ, ಇಲ್ಲವೆ ಒಂದು ಬಾವಲಿ, ಒಂದು ಜೇಡ. ಹ್ಯಾಲೊವೀನ್ ಹಬ್ಬದ ಮೆಟ್ಟುಗಳಿವು. ಮೆಟ್ಟನ್ನು ಹೊಸಿಲಿನಾಚೆ ಬಿಟ್ಟು ಮನೆಯೊಳಗೆ ಬರಿಗಾಲಲ್ಲಿ ನಡೆಯುವ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಚಳಿಸೀಮೆಯ ನೆಲ ಬರಿಗಾಲನ್ನು ಸಹಿಸದು. ಹೊರಗಿನ ಬೂಟನ್ನು ಕಳಚಿ ಉಣ್ಣೆಯ ಒಳಮೆಟ್ಟಿಗೆ ಕಾಲು ಸೇರಿಸುವುದು ಅಲ್ಲಿ ಅನೇಕರ ನಿತ್ಯದ ವಾಡಿಕೆ.

ಇಂಥದೊಂದು ಮೆಟ್ಟನ್ನು ಹಿಡಿದು ಇತಿಹಾಸ ಹೇಳಹೊರಡುವುದು ಕೆಲವರಿಗೆ ಅತಿಯೆನಿಸೀತು. ಆದರೆ ಅದರಲ್ಲಿ ಕೂಡಿಕೊಂಡಿರುವ ಎರಡು ಎಳೆಗಳನ್ನು, ಹಬ್ಬದ್ದೊಂದು, ಹೆಣಿಗೆಯದೊಂದು, ಬಿಡಿಸುತ್ತ ಹಿಂದಕ್ಕೆ ಹೋದರೆ ಎರಡೂ ಐರ್ಲೆಂಡ್ ಎಂಬ ಸಣ್ಣ ದ್ವೀಪವನ್ನು ಮುಟ್ಟುತ್ತವೆ. ಅಷ್ಟೇ ಅಲ್ಲ, ಆ ದ್ವೀಪದ ಅತ್ಯಂತ ಕಷ್ಟದ ಏಳೆಂಟು ವರ್ಷಗಳನ್ನು ಮುಟ್ಟುತ್ತವೆ. ಇಂದು ವಿನೋದಕ್ಕಾಗಿ ನಡೆಯುವ ಈ ಕೈಗೆಲಸ ಅಂದು ಹೊಟ್ಟೆಪಾಡಿನ ಕೆಲಸವಾಗಿತ್ತು. ಕೊಕ್ಕೆ ಅದೇ, ಕುಣಿಕೆಯೂ ಅದೇ. ಯಾರಿಗಾಗಿ ಹೆಣೆದರು, ಹೆಣೆದುದರ ಫಲ ಯಾರಿಗೆ ಸಂದಿತು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕಾಲಕಾಲಕ್ಕೆ ಬೇರೆಯಾಗಿದೆ. ಅದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ಹಬ್ಬದ ಎಳೆ

ಹ್ಯಾಲೊವೀನ್ ಎಂದರೆ 'ಸಕಲ ಸಂತರ ಹಬ್ಬದ ಹಿಂದಿನ ಸಂಜೆ' ಎಂದರ್ಥ. ನವೆಂಬರ್ 1 ಪಶ್ಚಿಮದ ಕ್ರೈಸ್ತರಿಗೆ ಸಕಲ ಸಂತರ ದಿನ. ಮರುದಿನ, ನವೆಂಬರ್ 2, ತೀರಿಹೋದವರ ಆತ್ಮಗಳಿಗಾಗಿ ಪ್ರಾರ್ಥನೆ ಸಲ್ಲಿಸುವ ದಿನ. 8ನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗೊರಿ ರೋಮಿನಲ್ಲಿ ಸಂತರೆಲ್ಲರ ಹೆಸರಿನ ಒಂದು ಪ್ರಾರ್ಥನಾಗೃಹವನ್ನು ಅರ್ಪಿಸಿದನು. 9ನೆಯ ಶತಮಾನದಲ್ಲಿ ನವೆಂಬರ್ 1ರ ತಿಥಿ ಪಶ್ಚಿಮ ಯುರೋಪಿನಲ್ಲಿ ನೆಲೆಗೊಂಡಿತು.

ಇದೇ ದಿನ ಐರ್ಲೆಂಡಿನ ಜನರಿಗೆ ಬೇರೊಂದು ಹೆಸರಿನಿಂದಲೂ ಪರಿಚಿತವಾಗಿತ್ತು. ಆ ಹೆಸರನ್ನು ಅವರು 'ಸೌವಿನ್' ಎಂದು ಉಚ್ಚರಿಸುತ್ತಾರೆ. ಕನ್ನಡದ ಕಿವಿಗೆ ಅದು 'ಸಾವಿನ' ಎಂಬಂತೆ ಕೇಳಿಸಿದರೆ ಅದು ಕೇವಲ ಆಕಸ್ಮಿಕ. ಬೇಸಗೆಯ ಕೊನೆ ಎಂಬುದೇ ಆ ಮಾತಿಗೆ ಸಾಮಾನ್ಯವಾಗಿ ಹೇಳುವ ಅರ್ಥ. ಮಧ್ಯಯುಗದ ಐರಿಷ್ ಕಥೆಗಳಲ್ಲಿ ವರ್ಷವನ್ನು ನಾಲ್ಕಾಗಿ ವಿಭಾಗಿಸುವ ಪರ್ವದಿನಗಳಲ್ಲಿ ಇದೂ ಒಂದು. ಬೇಸಗೆಯ ಗೋಮಾಳಗಳಿಂದ ದನಗಳನ್ನು ಕೆಳಗಿಳಿಸಿ ತರುವ ಕಾಲ, ಕೊಯ್ಲು ಮುಗಿದು ಚಳಿಗಾಲ ಬಾಗಿಲಿಗೆ ಬಂದು ನಿಲ್ಲುವ ಕಾಲ ಅದು. ಇದನ್ನು ಎರಡು ಸಾವಿರ ವರ್ಷ ಹಳೆಯ ಮೃತರ ಹಬ್ಬವೆಂದು ಸಲೀಸಾಗಿ ಹೇಳಿಬಿಡುವವರುಂಟು. ಕ್ರೈಸ್ತಪೂರ್ವ ಕಾಲದಲ್ಲಿ ಅದು ಮೃತರ ಹಬ್ಬವಾಗಿತ್ತೆನ್ನಲು ಗಟ್ಟಿಯಾದ ಆಧಾರವಿಲ್ಲವೆಂದು ಇಂಗ್ಲೆಂಡಿನ ಇತಿಹಾಸಕಾರ ರೊನಾಲ್ಡ್ ಹಟನ್ ತೋರಿಸಿದ್ದಾರೆ. ಮೃತರ ನೆನಪು ಚರ್ಚಿನಿಂದಲೂ ಋತುಸಂಧಿಯ ಭಯ ಹೊಲ ಕೊಟ್ಟಿಗೆಗಳಿಂದಲೂ ಬಂದು ಒಂದೇ ರಾತ್ರಿಯಲ್ಲಿ ಸೇರಿದುವೆಂದು ಹೇಳುವುದು ಹೆಚ್ಚು ಸರಿಯಾದೀತು.

ಆ ರಾತ್ರಿಯ ಆಚರಣೆಗಳಲ್ಲಿ ಹಲವು ಮನೆಯೊಳಗಿನವು, ಒಲೆಯ ಮುಂದಿನವು. ಮೆಚ್ಚಿದ ಇಬ್ಬರ ಹೆಸರಿನಲ್ಲಿ ಎರಡು ಕಾಯಿಗಳನ್ನು ಕೆಂಡದ ಮೇಲಿಟ್ಟು, ಅವು ಜತೆಯಾಗಿ ಉರಿಯುವುವೋ ಸಿಡಿದು ದೂರವಾಗುವುವೋ ಎಂದು ನೋಡುವರು. 'ಬಾರ್ಮ್‌ಬ್ರ್ಯಾಕ್' ಎಂಬ ಒಣದ್ರಾಕ್ಷಿಯ ರೊಟ್ಟಿಯೊಳಗೆ ಉಂಗುರ, ನಾಣ್ಯ, ಚಿಂದಿಬಟ್ಟೆಯ ತುಂಡು ಇವನ್ನು ಅಡಗಿಸಿಡುವರು. ಉಂಗುರ ಸಿಕ್ಕಿದವರಿಗೆ ಮದುವೆ, ನಾಣ್ಯ ಸಿಕ್ಕಿದವರಿಗೆ ಸಿರಿ, ಚಿಂದಿ ಸಿಕ್ಕಿದವರಿಗೆ ಬಡತನ. ಆಲೂಗಡ್ಡೆಯನ್ನು ಬೇಯಿಸಿ ಹಿಸುಕಿ ಎಲೆಕೋಸು ಬೆರೆಸಿದ 'ಕಾಲ್ಕ್ಯಾನನ್' ಅಂದಿನ ಊಟ. ಟರ್ನಿಪ್ ಗೆಡ್ಡೆಯ ತಿರುಳು ತೆಗೆದು ಮುಖ ಕೊರೆದು ಒಳಗೆ ದೀಪವಿಡುವರು. ಡೊನೆಗಾಲ್ ಸೀಮೆಯ ಅಂಥದೊಂದು ಗೆಡ್ಡೆಮುಖದ ಅಚ್ಚನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ಅಮೆರಿಕದ ನಗುವ ಕುಂಬಳದ ಪಕ್ಕದಲ್ಲಿಟ್ಟರೆ ಈ ಮುಖ ನಿಜವಾಗಿಯೂ ದಿಗಿಲು ಹುಟ್ಟಿಸುವಂಥದು.

ನಮ್ಮ ವಿಷಯಕ್ಕೆ ತೀರ ಹತ್ತಿರದ ಒಂದು ಆಚರಣೆ ಸ್ಕಾಟ್ಲೆಂಡಿನದು. ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ 'ಹ್ಯಾಲೊವೀನ್' ಎಂಬ ಕವಿತೆಯಲ್ಲಿಯೂ ಅದಕ್ಕೆ ತಾನೇ ಕೊಟ್ಟ ಟಿಪ್ಪಣಿಯಲ್ಲಿಯೂ ಇದನ್ನು ವರ್ಣಿಸಿದ್ದಾನೆ. ಹುಡುಗಿಯೊಬ್ಬಳು ಆ ರಾತ್ರಿ ಒಬ್ಬಂಟಿಯಾಗಿ ಧಾನ್ಯ ಒಣಗಿಸುವ ಗೂಡಿಗೆ ಹೋಗಿ ನೀಲಿ ನೂಲಿನ ಉಂಡೆಯೊಂದನ್ನು ಕತ್ತಲೆಯ ಗುಂಡಿಯೊಳಗೆ ಎಸೆಯಬೇಕು. ತುದಿಯನ್ನು ಕೈಯಲ್ಲಿ ಹಿಡಿದು ಹೊಸ ಉಂಡೆಯಾಗಿ ಸುತ್ತುತ್ತ ಬರಬೇಕು. ನೂಲು ಮುಗಿಯುತ್ತ ಬಂದಂತೆ ಒಳಗಿನಿಂದ ಯಾರೋ ಹಿಡಿದು ಜಗ್ಗಿದಂತಾಗುತ್ತದೆ. ಹಿಡಿದವರಾರೆಂದು ಕೇಳಿದರೆ ಮುಂದೆ ಕೈಹಿಡಿಯುವವನ ಹೆಸರು ಒಳಗಿನಿಂದ ಕೇಳಿಬರುತ್ತದೆ ಎಂದು ನಂಬಿಕೆ. ಹ್ಯಾಲೊವೀನಿಗೂ ನೂಲಿನ ಉಂಡೆಗೂ ನಂಟು ಇಂದಿನದಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಕೊಕ್ಕೆಯ ಎಳೆ

ಇನ್ನು ಹೆಣಿಗೆಯ ಮಾತು. ನಮ್ಮ ಮನೆಗಳಲ್ಲಿ ಕ್ರೋಶಾ ಎಂದು ಕರೆಯುವ ಈ ಕೆಲಸದ ಹೆಸರು ಫ್ರೆಂಚ್ ಭಾಷೆಯದು. ಸಣ್ಣ ಕೊಕ್ಕೆ ಎಂದು ಅದರ ಅರ್ಥ. ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಬಿಡಿಯಾಗಿ ನಿಂತಿರುತ್ತವೆ. ಕಡ್ಡಿ ಜಾರಿದರೆ ಸಾಲೇ ಕೆಟ್ಟಿತು. ಕ್ರೋಶಾದಲ್ಲಿ ಹಾಗಲ್ಲ. ಸಾಮಾನ್ಯವಾಗಿ ಕೊಕ್ಕೆಯ ಮೇಲೆ ಬಿಡಿಯಾಗಿ ಉಳಿಯುವ ಕುಣಿಕೆ ಒಂದೇ. ಅದನ್ನು ಸ್ವಲ್ಪ ಹಿಗ್ಗಿಸಿ ಬಿಟ್ಟು, ಒಲೆಯ ಮೇಲಿನ ಹಾಲು ಇಳಿಸಿ, ಅಳುವ ಮಗುವನ್ನು ಎತ್ತಿ ಸಮಾಧಾನಪಡಿಸಿ, ಮತ್ತೆ ಬಂದು ಕುಳಿತು ಬಿಟ್ಟಲ್ಲಿಂದ ಮುಂದುವರಿಸಬಹುದು. ಸಲಕರಣೆಯೂ ಅಗ್ಗ, ಕಲಿಕೆಯೂ ಬೇಗ. ಇದು ಮನೆವಾರ್ತೆಯ ನಡುವೆ ನಡೆಯುವ ಕೆಲಸವಾದುದಕ್ಕೂ, ಮುಂದೆ ಹೇಳುವಂತೆ ಬರಗಾಲದ ಕೆಲಸವಾದುದಕ್ಕೂ ಈ ಗುಣವೇ ಕಾರಣ.

ಕ್ರೋಶಾ ಬಹು ಪ್ರಾಚೀನವೆಂದು ತಿಳಿದವರು ಹಲವರು. ಆದರೆ ಡೆನ್ಮಾರ್ಕಿನ ಲಿಸ್ ಪಾಲುಡಾನ್ ಇದನ್ನು ಶೋಧಿಸಿ, 1800ಕ್ಕಿಂತ ಹಿಂದೆ ಯುರೋಪಿನಲ್ಲಿ ಇದು ಬಳಕೆಯಲ್ಲಿತ್ತೆಂಬುದಕ್ಕೆ ನಂಬತಕ್ಕ ಆಧಾರ ಸಿಗುವುದಿಲ್ಲವೆಂದು ಕಂಡರು. ಅಚ್ಚಾದ ಮೊದಲ ಮಾದರಿಗಳು 1820ರ ದಶಕದ ಆರಂಭದಲ್ಲಿ 'ಪೆನೆಲೋಪೆ' ಎಂಬ ಡಚ್ ಪತ್ರಿಕೆಯಲ್ಲಿ ಬಂದುವು. ಅವು ಹಣದ ಚೀಲಗಳ ಮಾದರಿಗಳು. ಹಾಗಾದರೆ ಅದಕ್ಕೆ ಹಿಂದಿನ ಮೂಲವೇನು? ಹಲವು ಊಹೆಗಳಿವೆ. ಅವುಗಳಲ್ಲೊಂದು ನಮ್ಮ ದೇಶದ ಕಡೆ ಕೈತೋರಿಸುತ್ತದೆ. ಕಛ್ ಪ್ರಾಂತದ ಮೋಚಿಗಳು, ಎಂದರೆ ಚರ್ಮದ ಕೆಲಸದವರು, ಕೊಕ್ಕೆಯುಳ್ಳ ಸಣ್ಣ ಉಳಿಯಿಂದ ಮೊದಲು ಚರ್ಮದ ಮೇಲೂ ಆಮೇಲೆ ಬಟ್ಟೆಯ ಮೇಲೂ ಸರಪಣಿ ಕಸೂತಿ ಹಾಕುತ್ತಿದ್ದರು. ಆ ಉಳಿಗೆ 'ಆರಿ' ಎಂದು ಹೆಸರು; ಚರ್ಮ ಚುಚ್ಚುವ ಸಾಧನವೆಂದು ಅಮರಕೋಶವೂ ಹೇಳುವ 'ಆರಾ' ಎಂಬ ಮಾತೇ ಇದು. ಗುಜರಾತಿನ ಸರಪಣಿ ಕಸೂತಿ 17ನೆಯ ಶತಮಾನದಲ್ಲಿಯೇ ಯುರೋಪಿಗೆ ಹಡಗೇರುತ್ತಿತ್ತು. 18ನೆಯ ಶತಮಾನದಲ್ಲಿ ಯುರೋಪಿನ ಸಿರಿವಂತ ಹೆಂಗಸರು ತಮಟೆಯ ಹಾಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಯಿಂದ ಇಂಥದೇ ಸರಪಣಿ ಎಳೆಯತೊಡಗಿದರು. ಅಡಿಯ ಬಟ್ಟೆಯನ್ನು ಬಿಟ್ಟು ಸರಪಣಿಯನ್ನಷ್ಟೇ ಉಳಿಸಿಕೊಂಡರೆ ಅದೇ ಕ್ರೋಶಾ ಎಂಬುದು ಈ ಊಹೆಯ ಸಾರ. ಅದು ನಿಜವಾದರೆ ಮೆಟ್ಟು ಹೊಲೆಯುವವರ ಕೈಯಿಂದ ಹೊರಟ ಕೊಕ್ಕೆ ಸುತ್ತಿ ಸುತ್ತಿ ಮತ್ತೆ ಮೆಟ್ಟಿಗೇ ಬಂದು ಸೇರಿದಂತಾಯಿತು. ಊಹೆ ಇನ್ನೂ ಊಹೆಯಾಗಿಯೇ ಇದೆ, ಆದರೆ ತಳ್ಳಿಹಾಕುವಂಥದಲ್ಲ.

ಬರಗಾಲದ ಲೇಸು

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ಅಂಗಮಾರಿ ಬಿದ್ದಿತು. ಸುಮಾರು 30 ಲಕ್ಷ ಜನ ಬಹುಮಟ್ಟಿಗೆ ಆ ಗೆಡ್ಡೆಯೊಂದನ್ನೇ ತಿಂದು ಬದುಕುತ್ತಿದ್ದ ದೇಶ ಅದು. ಮುಖ್ಯ ಬೆಳೆಯನ್ನು ನೆಲದಿಂದ ಅಗೆಯುವುದು ಅಕ್ಟೋಬರಿನಲ್ಲಿ, ಎಂದರೆ ಹ್ಯಾಲೊವೀನಿನ ಮುಂಚಿನ ವಾರಗಳಲ್ಲಿ. ಆ ವರ್ಷ ಮಣ್ಣು ಬಗೆದವರ ಕೈಗೆ ಕಪ್ಪಾಗಿ ಕೊಳೆತು ನಾರುವ ಮುದ್ದೆ ಸಿಕ್ಕಿತು. ಮರುವರ್ಷ ಬೆಳೆ ಬಹುಪಾಲು ನಾಶವಾಯಿತು. ಕಾಲ್ಕ್ಯಾನನ್ನಿಗೆ ಆಲೂಗಡ್ಡೆಯಿಲ್ಲದ ಹಬ್ಬಗಳು ಒಂದರ ಹಿಂದೊಂದು ಬಂದುವು. ಹಬ್ಬದ ರೊಟ್ಟಿಯಲ್ಲಿ ಒಬ್ಬಿಬ್ಬರಿಗೆ ಸಿಗುತ್ತಿದ್ದ ಚಿಂದಿ ಈಗ ದೇಶದ ಪಾಲಿಗೇ ಬಂದಿತು.

ಅಂಗಮಾರಿ ಪ್ರಕೃತಿಯದು, ಆದರೆ ಬರಗಾಲ ಅಷ್ಟರಿಂದಲೇ ಆದುದಲ್ಲ. ಜನ ಸಾಯುತ್ತಿದ್ದಾಗಲೂ ದೇಶದಿಂದ ಧಾನ್ಯವೂ ದನಗಳೂ ಇಂಗ್ಲೆಂಡಿಗೆ ರಫ್ತಾಗುತ್ತಿದ್ದುವು. 1847ರಲ್ಲಿ ಸರ್ಕಾರ ತೆರೆದ ಗಂಜಿಕೇಂದ್ರಗಳು ಅದೇ ವರ್ಷ ಮುಚ್ಚಿದುವು. ಕಾಲು ಎಕರೆಗಿಂತ ಹೆಚ್ಚು ಭೂಮಿ ಹಿಡಿದ ಗೇಣಿದಾರನಿಗೆ ಪರಿಹಾರವಿಲ್ಲವೆಂದು ಅದೇ ವರ್ಷ ಕಾನೂನಾಯಿತು. ಗಂಜಿಗಾಗಿ ನೆಲ ಬಿಡಬೇಕು, ನೆಲ ಉಳಿಸಿಕೊಂಡರೆ ಉಪವಾಸ. ಗೇಣಿ ಕೊಡಲಾರದವರನ್ನು ಗುಡಿಸಲಿನಿಂದ ಹೊರಹಾಕಿದರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು.

ಇಂಥ ಕಾಲದಲ್ಲಿ ಕೊಕ್ಕೆ ಕೈಗೆ ಬಂದಿತು. ಕಾರ್ಕ್ ಪಟ್ಟಣದ ಹತ್ತಿರ ಬ್ಲ್ಯಾಕ್‌ರಾಕಿನ ಉರ್ಸುಲೈನ್ ಸನ್ಯಾಸಿನಿಯರು ಬಡ ಹುಡುಗಿಯರಿಗೆ ಕ್ರೋಶಾ ಕಲಿಸಿದರು. ಮೊನಹನ್ ಸೀಮೆಯ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕ್ಯಾಸಾಂಡ್ರಾ ಹ್ಯಾಂಡ್ 1847ರ ಹೊತ್ತಿಗೆ ಇದೇ ಕೆಲಸವನ್ನು ಬೇರೆ ಸೀಮೆಯಿಂದ ತರಿಸಿ ನೆಲೆಗೊಳಿಸಿದಳು. ಲಂಡನ್ನಿನಲ್ಲಿ ಎಲೆಯೊನೋರ್ ರಿಯೇಗೊ ದ ಲ ಬ್ರಾಂಶಾರ್ದಿಯೇರ್ ಎಂಬ ತರುಣಿ ಕ್ರೋಶಾ ಮಾದರಿಗಳ ಪುಸ್ತಕಗಳನ್ನು ಹತ್ತಾರು ಸಂಖ್ಯೆಯಲ್ಲಿ ಹೊರತಂದಳು. ವೆನಿಸ್ಸಿನ ಹಳೆಯ ಸೂಜಿಲೇಸನ್ನು ಕೊಕ್ಕೆಯಿಂದ ಅನುಕರಿಸುವ ದಾರಿಯನ್ನು ಈಕೆ ತೋರಿಸಿದಳೆಂದು ಹೇಳುತ್ತಾರೆ. ಸೂಜಿಯಲ್ಲಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ ಕೊಕ್ಕೆಯಲ್ಲಿ ಅದಕ್ಕಿಂತ ಎಷ್ಟೋ ಬೇಗ ಮುಗಿಯುತ್ತಿತ್ತು. ಬೇಕಾದುದು ತೆಳುವಾದ ಹತ್ತಿಯ ದಾರ, ಒಂದು ಕೊಕ್ಕೆ. ಕೊಕ್ಕೆ ಕೊಳ್ಳಲು ಕಾಸಿಲ್ಲದವರು ಸೂಜಿಯನ್ನೋ ತಂತಿಯನ್ನೋ ಬಗ್ಗಿಸಿ ಮರದ ಹಿಡಿಗೆ ಸಿಕ್ಕಿಸಿಕೊಂಡರು.

ಕ್ಲೋನ್ಸಿನ ಕೆಲಸದ ರೀತಿ ಗಮನಾರ್ಹವಾದುದು. ಗುಲಾಬಿ, ಮೂರೆಲೆಯ ಶ್ಯಾಮ್‌ರಾಕ್, ಜರಿಗಿಡದ ಎಲೆ, ದ್ರಾಕ್ಷಿಗೊಂಚಲು ಇಂಥ ಒಂದೊಂದು ಚಿತ್ತಾರವನ್ನೂ ದಪ್ಪ ದಾರದ ಮೇಲೆ ಬೇರೆಬೇರೆಯಾಗಿ ಹೆಣೆದು, ಕೊನೆಗೆ ಸಣ್ಣ ಗಂಟುಗಳ ಬಲೆಯಿಂದ ಎಲ್ಲವನ್ನೂ ಕೂಡಿಸುವರು. ಆ ಗಂಟಿಗೆ ಇಂದಿಗೂ 'ಕ್ಲೋನ್ಸ್ ಗಂಟು' ಎಂದೇ ಹೆಸರು. ಒಂದು ಮನೆಯವರದು ಒಂದು ಹೂವು, ಇನ್ನೊಂದು ಮನೆಯವರದು ಒಂದು ಎಲೆ. ಒಬ್ಬರ ಮಾದರಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ. ಹೊಟ್ಟೆಯ ಪ್ರಶ್ನೆ ಬಂದಾಗ ಹೂವೂ ಮನೆಯ ಆಸ್ತಿಯಾಗುತ್ತದೆ. ಈ ಸಂಪಾದನೆಯಿಂದ ಹಲವು ಮನೆಗಳಲ್ಲಿ ಹಿಟ್ಟು ಬಂದಿತು, ಗೇಣಿ ಸಂದಿತು, ಅಮೆರಿಕದ ಹಡಗಿಗೆ ದುಡ್ಡೂ ಕೂಡಿತು.

ಇದನ್ನು ಪರೋಪಕಾರದ ಕಥೆಯಾಗಿ ಹೇಳುವುದು ವಾಡಿಕೆ. ಕಲಿಸಿದವರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೂ ಒಂದು ಮಾತನ್ನು ಮರೆಯಬಾರದು. ಐರ್ಲೆಂಡಿನ ಹಳ್ಳಿಗಳಲ್ಲಿ ಬಡ ಹೆಂಗಸರೂ ಮಕ್ಕಳೂ ಅಂದು ಬರಿಗಾಲಲ್ಲಿಯೇ ನಡೆಯುತ್ತಿದ್ದರು. ಹೆಣೆದ ಲೇಸು ಲಂಡನ್, ಪ್ಯಾರಿಸ್‌ಗಳ ಸ್ತ್ರೀಯರ ಕೊರಳಪಟ್ಟಿಗೂ ತೋಳಿನ ಅಂಚಿಗೂ ಹೋಗುತ್ತಿತ್ತು. ಹಗಲಿರುಳು ಹೆಣೆದ ಕೈಗೆ ತನ್ನ ಮನೆಯ ಮಗುವಿನ ಕಾಲಿಗೊಂದು ಬೆಚ್ಚನೆಯ ಮೆಟ್ಟು ಹೆಣೆಯುವ ಬಿಡುವೂ ಇರಲಿಲ್ಲ, ಉಣ್ಣೆಯೂ ಇರಲಿಲ್ಲ. ಬೇಡಿಕೆಯಾದರೂ ಸ್ಥಿರವೆ? ದೊಡ್ಡ ಪಟ್ಟಣಗಳ ಉಡುಪಿನ ಅಭಿರುಚಿ ಬದಲಾದರೆ ಕ್ಲೋನ್ಸಿನ ಒಲೆ ಆರುತ್ತಿತ್ತು. 1893ರಲ್ಲಿ ಷಿಕಾಗೊ ವಿಶ್ವಪ್ರದರ್ಶನದಲ್ಲಿ ಐರಿಷ್ ಕೈಗೆಲಸಗಳಿಗಾಗಿ ಒಂದು ಮಾದರಿ ಹಳ್ಳಿಯನ್ನೇ ಕಟ್ಟಿ ಮೆರೆಸಿದರು. 20ನೆಯ ಶತಮಾನದ ಆರಂಭದಲ್ಲಿ ಐರಿಷ್ ಲೇಸಿಗೆ ಮತ್ತೆ ಬಿಸಿಬಿಸಿ ಬೇಡಿಕೆ ಬಂದಿತು. ಮೊದಲನೆಯ ಮಹಾಯುದ್ಧದೊಡನೆ ಅದೂ ಇಳಿಯಿತು.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಹೇಳಬೇಕು. ವಿಕ್ಟೋರಿಯಾ ರಾಣಿಗೂ ಕ್ರೋಶಾ ಬರುತ್ತಿತ್ತು. 1900ರಲ್ಲಿ, ಬೋಯರ್ ಯುದ್ಧದ ಕಾಲದಲ್ಲಿ, ಆಕೆ ತನ್ನ ಕೈಯಿಂದ ಎಂಟು ಕೊರಳವಸ್ತ್ರಗಳನ್ನು ಹೆಣೆದು ಬ್ರಿಟನ್ನಿನ ಮತ್ತು ವಸಾಹತುಗಳ ಸೈನಿಕರಿಗೆ ಕೊಡಿಸಿದಳು. ಆ ಎಂಟಕ್ಕೂ ಆಕೆಯ ಹೆಸರಿನ ಅಕ್ಷರಗಳ ಗುರುತಿದೆ. ಪಡೆದವರ ಹೆಸರೂ ದಾಖಲೆಯಲ್ಲಿದೆ. ಕೆಲವನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಜತನವಾಗಿ ಇಟ್ಟಿದ್ದಾರೆ. ಅದೇ ವಸ್ತುಸಂಗ್ರಹಾಲಯಗಳಲ್ಲಿ ಐರಿಷ್ ಲೇಸಿನ ಕೊರಳಪಟ್ಟಿಗಳೂ ಇವೆ. ಅವುಗಳ ಕೆಳಗಿನ ಚೀಟಿಯಲ್ಲಿ ಊರಿನ ಹೆಸರು ಇದ್ದೀತು, ಕಾಲ ಇದ್ದೀತು. ಹೆಣೆದವಳ ಹೆಸರು ಅಪರೂಪ. ಬಿಡುವಿಗಾಗಿ ಹೆಣೆದವಳ ಎಂಟು ವಸ್ತ್ರಗಳಿಗೆ ಲೆಕ್ಕವಿದೆ. ಬದುಕಲೆಂದು ಹೆಣೆದವರ ಸಾವಿರಾರು ಹೂಗಳಿಗೆ ಲೆಕ್ಕವಿಲ್ಲ.

ಸಮುದ್ರದಾಚೆ

1845ರಿಂದ 1855ರವರೆಗಿನ ಹತ್ತು ವರ್ಷಗಳಲ್ಲಿ 15 ಲಕ್ಷದಷ್ಟು ಐರಿಷರು ಅಮೆರಿಕದ ನೆಲ ಮುಟ್ಟಿದರು. ಅವರೊಡನೆ ಅವರ ಹಬ್ಬವೂ ಬಂದಿತು. ಸ್ಕಾಟ್ಲೆಂಡಿನವರು ತಂದುದೂ ಅದರೊಡನೆ ಬೆರೆಯಿತು. ಟರ್ನಿಪ್ಪಿನ ಸ್ಥಾನವನ್ನು ಅಲ್ಲಿ ಹೇರಳವಾಗಿ ಬೆಳೆಯುವ, ಕೊರೆಯಲು ಸುಲಭವಾದ ಸಿಹಿಗುಂಬಳ ಹಿಡಿಯಿತು. ಕಿತ್ತಳೆ ಬಣ್ಣ ಹಬ್ಬದ ಬಣ್ಣವಾದುದು ಈ ಕುಂಬಳದ ದೆಸೆಯಿಂದ, ಕಪ್ಪು ರಾತ್ರಿಯದು.

ಕ್ರೋಶಾ ಮಾತ್ರ ಐರಿಷರೊಬ್ಬರಿಂದಲೇ ಅಮೆರಿಕಕ್ಕೆ ಹೋಯಿತೆನ್ನುವಂತಿಲ್ಲ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಪುಸ್ತಕಗಳ ಮೂಲಕವೂ ಅದು ಹೋಯಿತು. ಫಿಲಡೆಲ್ಫಿಯಾದ 'ಗೋಡೀಸ್ ಲೇಡೀಸ್ ಬುಕ್' ಎಂಬ ಮಾಸಪತ್ರಿಕೆ 19ನೆಯ ಶತಮಾನದ ನಡುಭಾಗದಲ್ಲಿ ಹೆಂಗಸರ ಕೈಗೆಲಸದ ಮಾದರಿಗಳನ್ನು ತಿಂಗಳು ತಿಂಗಳೂ ಮನೆಮನೆಗೆ ಮುಟ್ಟಿಸುತ್ತಿತ್ತು. ಅವುಗಳಲ್ಲಿ ಒಳಮೆಟ್ಟಿನ ಮಾದರಿಗಳು ಪದೇ ಪದೇ ಕಾಣಿಸುತ್ತವೆ. ತಂದೆಗೋ ಗಂಡನಿಗೋ ಅಣ್ಣನಿಗೋ ಕೈಯಾರೆ ಮೆಟ್ಟು ಮಾಡಿ ಕ್ರಿಸ್ಮಸ್ಸಿಗೆ ಕೊಡುವುದು ಅಂದಿನ ಹೆಣ್ಣುಮಕ್ಕಳ ಸಂಪ್ರದಾಯ. ಹೀಗೆ ಹಬ್ಬದ ಮೆಟ್ಟು ಮೊದಲು ಕ್ರಿಸ್ಮಸ್ಸಿನದಾಗಿತ್ತು. ಹ್ಯಾಲೊವೀನ್ ಇನ್ನೂ ಹಳ್ಳಿಯ ಹುಡುಗರ ಕಿತಾಪತಿಯ ರಾತ್ರಿಯಾಗಿತ್ತು.

20ನೆಯ ಶತಮಾನ ಅದನ್ನು ಮತ್ತೆ ಮನೆಯೊಳಕ್ಕೆ ಕರೆತಂದಿತು. ಮ್ಯಾಸಚೂಸೆಟ್ಸಿನ ಡೆನ್ನಿಸನ್ ಕಂಪನಿ 1909ರಲ್ಲಿ 'ಬೋಗಿ ಬುಕ್' ಎಂಬ ಪುಸ್ತಿಕೆಯನ್ನು ಹೊರತಂದಿತು. ಮಡಿಕೆಗಾಗದದಿಂದ ಮನೆಯನ್ನು ಹೇಗೆ ಅಲಂಕರಿಸಬೇಕು, ವೇಷಗಳನ್ನು ಹೇಗೆ ಹೊಲಿಯಬೇಕು ಎಂದು ಅದು ತಿಳಿಸುತ್ತಿತ್ತು; ಜತೆಗೆ ತನ್ನ ಕಾಗದವನ್ನೂ ಮಾರಿಕೊಳ್ಳುತ್ತಿತ್ತು. ಹುಡುಗರ ಹಾವಳಿಯನ್ನು ತಡೆಯಲು ಊರಿನ ಹಿರಿಯರೂ ಮನೆಯೊಳಗಿನ ಕೂಟಗಳನ್ನು ಪ್ರೋತ್ಸಾಹಿಸಿದರು. 1920-30ರ ದಶಕಗಳಲ್ಲಿ ಮಕ್ಕಳು ವೇಷ ತೊಟ್ಟು ಮನೆಮನೆಗೂ ಹೋಗಿ ಮಿಠಾಯಿ ಬೇಡುವ ಪದ್ಧತಿ ಹರಡಿತು. ಎರಡನೆಯ ಮಹಾಯುದ್ಧದ ಸಕ್ಕರೆ ರೇಷನ್ನಿನಿಂದ ಅದು ಕುಗ್ಗಿ, ಯುದ್ಧದ ಅನಂತರ ಇಮ್ಮಡಿಯಾಗಿ ಚಿಗುರಿತು. ನೂಲಿನ ಕಂಪನಿಗಳು ಅಗ್ಗದ ಮಾದರಿಪುಸ್ತಿಕೆಗಳನ್ನು ಅಚ್ಚುಹಾಕಿದುವು. 1950ರಲ್ಲಿ ಡ್ಯುಪಾಂಟ್ ಕಂಪನಿ 'ಆರ್ಲಾನ್' ಎಂಬ ಅಕ್ರಿಲಿಕ್ ನೂಲನ್ನು ಮಾರುಕಟ್ಟೆಗೆ ತಂದಿತು. ಕುರಿಯ ಉಣ್ಣೆಗಿಂತ ಅಗ್ಗವಾದ, ಒಗೆಯುವ ಯಂತ್ರದಲ್ಲಿ ಹಾಕಿದರೂ ಕೆಡದ, ಕಣ್ಣು ಕುಕ್ಕುವ ಬಣ್ಣಗಳ ಇಂಥ ನೂಲು ಬಂದಮೇಲೆ ವರ್ಷಕ್ಕೊಂದು ದಿನದ ಹಬ್ಬಕ್ಕಾಗಿಯೂ ಒಂದು ಜೊತೆ ಮೆಟ್ಟು ಹೆಣೆಯುವುದು ದುಬಾರಿಯೆನಿಸಲಿಲ್ಲ. 2007ರಲ್ಲಿ ಹುಟ್ಟಿದ 'ರಾವೆಲ್ರಿ' ಎಂಬ ಅಂತರಜಾಲದ ಕೂಟ ಹೆಣಿಗೆಯವರ ಮಾದರಿಗಳನ್ನು ದೇಶದೇಶಗಳಿಗೆ ಹಂಚತೊಡಗಿತು.

ಮೆಟ್ಟು ಹೆಣೆಯುವ ಕ್ರಮ ಸರಳವಾದುದು. ಅಂಗಾಲಿನ ಉದ್ದಕ್ಕಿಂತ ಕಡಮೆಯಾದ ಒಂದು ಸರಪಣಿಯಿಂದ ಆರಂಭ. ಅದರ ಒಂದು ಮಗ್ಗುಲಲ್ಲಿ ಹೆಣೆಯುತ್ತ ಹೋಗಿ, ತುದಿಯ ಒಂದೇ ಕುಣಿಕೆಯಲ್ಲಿ ಮೂರು ನಾಲ್ಕು ಹೆಣಿಕೆ ಹಾಕಿ ತಿರುಗಿಸಿ, ಇನ್ನೊಂದು ಮಗ್ಗುಲಲ್ಲಿ ಹಿಂದಿರುಗಬೇಕು. ಹೀಗೆ ಸುತ್ತುಸುತ್ತಾಗಿ, ಹಿಮ್ಮಡಿಗಿಂತ ಬೆರಳಿನ ಕಡೆ ಹೆಚ್ಚು ಹೆಣಿಕೆ ಸೇರಿಸುತ್ತ ಹೋದರೆ ಅಟ್ಟೆ ಸಿದ್ಧವಾಗುತ್ತದೆ. ಅಟ್ಟೆಗೆ ಎರಡೆಳೆ ನೂಲನ್ನು ಕೂಡಿಸಿ ಹಿಡಿಯುವುದು ರೂಢಿ. ದಪ್ಪವೂ ಆಗುತ್ತದೆ, ಬೆಚ್ಚಗೂ ಇರುತ್ತದೆ. ಅನಂತರ ಹೆಣಿಕೆ ಸೇರಿಸುವುದನ್ನು ನಿಲ್ಲಿಸಿದೊಡನೆ ಅಂಚು ತಾನಾಗಿ ಮೇಲಕ್ಕೇಳುತ್ತದೆ. ಮುಂಭಾಗದಲ್ಲಿ ಹೆಣಿಕೆಗಳನ್ನು ಕೂಡಿಸಿ ಕಡಮೆ ಮಾಡುತ್ತ ಬಂದರೆ ಬೆರಳುಗಳಿಗೆ ಗೂಡು ಕಟ್ಟಿದಂತಾಗುತ್ತದೆ. ಕುಂಬಳದ ಮುಖವನ್ನು ಬೇರೆಯಾಗಿ ದುಂಡಗೆ ಹೆಣೆದು ಮೇಲೆ ಹೊಲಿಯುವರು. ಬಿಡಿಚಿತ್ತಾರವನ್ನು ಬೇರೆ ಹೆಣೆದು ಆಮೇಲೆ ಕೂಡಿಸುವುದು ಕ್ಲೋನ್ಸಿನ ಹೆಂಗಸರ ಕ್ರಮವೂ ಆಗಿತ್ತೆಂಬುದನ್ನು ಓದುಗರು ಇಲ್ಲಿ ನೆನೆಯಬಹುದು. ನುಣುಪಾದ ನೆಲದಲ್ಲಿ ಮಗು ಜಾರದಂತೆ ಅಟ್ಟೆಗೆ ಚರ್ಮದ ತುಂಡನ್ನು ಹೊಲಿಯುವುದೂ ಉಂಟು.

ಯಾರ ಕೈ, ಯಾರ ಕಾಲು

ಈ ಕಥೆ ಇಲ್ಲಿಗೆ ಸುಖಾಂತವಾಯಿತೆನ್ನಬಹುದಾಗಿತ್ತು: ಹಸಿವಿಗಾಗಿ ಹೆಣೆದ ಕೈ ಈಗ ಹಬ್ಬಕ್ಕಾಗಿ ಹೆಣೆಯುತ್ತಿದೆ, ಪರರ ಕೊರಳಿಗೆ ಹೋಗುತ್ತಿದ್ದುದು ತನ್ನ ಮಗುವಿನ ಕಾಲಿಗೆ ಬಂದಿದೆ. ಆದರೆ ಹಸಿವಿನ ಕೊಕ್ಕೆ ಸುಮ್ಮನಾಗಿಲ್ಲ. ಊರು ಬದಲಾಯಿಸಿತು, ಅಷ್ಟೆ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪಾದ್ರಿಗಳ ಮನೆಯ ಹೆಂಗಸರು ಗೋದಾವರಿಯ ಮುಖಜಭೂಮಿಯ ಬಡ ಹೆಣ್ಣುಮಕ್ಕಳಿಗೆ ಇದೇ ಕ್ರೋಶಾ ಲೇಸನ್ನು ಕಲಿಸಿದರೆಂದು ಅಲ್ಲಿನ ಪ್ರತೀತಿ. ಆಂಧ್ರದ ನರಸಾಪುರ ಅದರ ಕೇಂದ್ರವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಮನೆಗೆಲಸವನ್ನೆಲ್ಲ ಮಾಡಿ, ಅದರ ಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಹೆಣೆಯುತ್ತಿದ್ದ ಹೆಂಗಸರನ್ನು 'ಮನೆಯಲ್ಲಿ ಕುಳಿತಿರುವವರು' ಎಂದೇ ಸುತ್ತಲಿನವರು ಎಣಿಸುತ್ತಿದ್ದರು. ಕುಳಿತು ಮಾಡುವ ಕೆಲಸ ಬಿಡುವಿನ ಕೆಲಸವೆನಿಸಿತು; ಬಿಡುವಿನ ಕೆಲಸಕ್ಕೆ ಕೂಲಿ ಅಲ್ಪವಾದರೂ ನಡೆಯಿತು. ಲೇಸು ವಿದೇಶಕ್ಕೆ ಹೋಯಿತು, ಲಾಭ ವ್ಯಾಪಾರಿಗಳಿಗೆ ಸಂದಿತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಊರಿಗೆ ಹೆಸರು ಬಂದುದು ಸಂತೋಷವೇ. ಕೈಗಳಿಗೆ ಕೂಲಿಯೂ ಬರಬೇಕು.

ಇದನ್ನು ಒತ್ತಿ ಹೇಳಲು ಒಂದು ಕಾರಣವಿದೆ. ಎರಡು ಕಡ್ಡಿಯ ಹೆಣಿಗೆಯನ್ನು ಯಂತ್ರ ಎಂದೋ ಕಲಿಯಿತು; ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಮಾತ್ರ ಇನ್ನೂ ಕಾರ್ಖಾನೆಗಳ ಬಳಕೆಗೆ ಬಂದಿಲ್ಲ. ಯಂತ್ರದಲ್ಲಿ ಆಗುವುದು ಅದರ ಅನುಕರಣೆ. ಆದುದರಿಂದ ಅಂಗಡಿಯಲ್ಲಿ ನಿಜವಾದ ಕ್ರೋಶಾ ವಸ್ತು ಕಂಡರೆ, ಅದು ಕುಂಬಳದ ಮುಖದ ಮೆಟ್ಟಾಗಲಿ ಬಾಗಿಲ ತೋರಣವಾಗಲಿ, ಅದರ ಒಂದೊಂದು ಕುಣಿಕೆಯೂ ಯಾರದೋ ಬೆರಳು ಎಳೆದುದು. ಬೆಲೆ ತೀರ ಅಗ್ಗವೆನಿಸಿದರೆ ಆ ಅಗ್ಗವನ್ನು ತೆತ್ತವರು ಬೇರೆಯವರು. ಸ್ವತಃ ಒಂದು ಜೊತೆ ಮೆಟ್ಟು ಹೆಣೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಎಷ್ಟು ಸಂಜೆಗಳು ಹಿಡಿದುವೆಂದು ಅವರ ಬೆರಳುಗಳಿಗೆ ಗೊತ್ತು. ಮನೆಯ ಹೆಣಿಗೆ ವಿನೋದವಷ್ಟೇ ಅಲ್ಲ, ಪರರ ಶ್ರಮವನ್ನು ಅಳೆಯುವ ಅಳತೆಗೋಲೂ ಹೌದು.

ಅಮೆರಿಕದಲ್ಲಿ ನೆಲಸಿದ ಕನ್ನಡಿಗರ ಮಕ್ಕಳೂ ಇಂದು ಅಕ್ಟೋಬರ್ 31ರ ಸಂಜೆ ವೇಷ ತೊಟ್ಟು ಹೊರಡುತ್ತಾರೆ. ಅವರ ಅಜ್ಜಿಯರಲ್ಲಿ ಅನೇಕರಿಗೆ ಕ್ರೋಶಾ ಹೊಸದಲ್ಲ. ಬಾಗಿಲ ತೋರಣ, ಮೇಜಿನ ಹೊದಿಕೆ, ರವಿಕೆಯ ಅಂಚು, ಹಸುಗೂಸಿನ ಕುಲಾವಿ ಇವೆಲ್ಲ ನಮ್ಮ ಮನೆಗಳಲ್ಲಿಯೂ ಆ ಕೊಕ್ಕೆಯಿಂದ ಆದುವು. ಹಳೆಯ ಟ್ರಂಕುಗಳ ತಳದಲ್ಲಿ ಅವು ಇನ್ನೂ ಇವೆ. ಕ್ಲೋನ್ಸಿನ ಹೆಂಗಸರ ಹೆಸರುಗಳನ್ನು ಈಗ ಹುಡುಕಿ ತರುವುದು ಕಷ್ಟ. ನಮ್ಮ ಟ್ರಂಕುಗಳಲ್ಲಿರುವ ವಸ್ತುಗಳ ಹೆಸರು ಹೇಳಬಲ್ಲವರು ಇನ್ನೂ ಕೆಲವರು ಇದ್ದಾರೆ. ಒಂದು ಚೀಟಿಯ ಮೇಲೆ ಹೆಣೆದವಳ ಹೆಸರು, ಊರು, ಸುಮಾರು ಯಾವ ವರ್ಷ, ಯಾರಿಗಾಗಿ ಹೆಣೆದಳು ಎಂಬಿಷ್ಟನ್ನು ಬರೆದು ಆ ವಸ್ತುವಿನೊಡನೆ ಮಡಿಸಿಟ್ಟರೆ ಸಾಕು. ಮುಂದೆ ಹೆಂಗಸರ ಕೈಗೆಲಸದ ಇತಿಹಾಸ ಬರೆಯುವವರಿಗೆ ಅದು ಆಧಾರವಾದೀತು.